ಉಂಡ ಮೇಲೆ ಕೊಟ್ಟ ಮಾತ್ರೆ

ನನ್ನ ಗಂಡ ಗುಂಡಿಮಗ್ಗದ ನೇಕಾರ. ನೇಕಾರರಾಗಿದ್ದರು ಎಂದು ಬರೆಯಬೇಕು, ಆದರೆ ಕೈ ಬರುವುದಿಲ್ಲ. ಪೊಳ್ಳಾಚಿಗೂ ಪಲ್ಲಡಕ್ಕೂ ನಡುವೆ ಇರುವ ನಮ್ಮೂರಿನಲ್ಲಿ ಕನ್ನಡ ಮನೆಮಾತಿನ ನೇಕಾರರದ್ದೇ ಒಂದು ಬೀದಿ ಇದೆ. ಎಷ್ಟು ತಲೆಮಾರಿನ ಹಿಂದೆ ಇಲ್ಲಿಗೆ ಬಂದರೋ ಅವರಿಗೇ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಆ ಕನ್ನಡದಲ್ಲೂ ಅರ್ಧ ತಮಿಳೇ ಇರುತ್ತದೆ, ಕನ್ನಡದ ಅಕ್ಷರವಂತೂ ಯಾರಿಗೂ ಬರುವುದಿಲ್ಲ. ನಾನು ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಬಂದವಳು, ಪಿಯುಸಿ ಪಾಸು.

ಆ ಪಿಯುಸಿ ನನ್ನ ತಲೆಗೆ ಸ್ವಲ್ಪ ಹೆಚ್ಚಾಗಿಯೇ ಏರಿತ್ತು. ಮೈಸೂರು ಕಡೆಯ ನೆಂಟರಿಂದ ಲಗ್ನಪತ್ರಿಕೆ ಬಂದರೆ ನಾನೇ ಓದಬೇಕು. ಬೀದಿಯ ಹೆಂಗಸರೆಲ್ಲ ನಮ್ಮ ಜಗುಲಿಯಲ್ಲಿ ಕೂತು ಕೇಳುವರು. ನಮ್ಮತ್ತೆ, ಈಗಿಲ್ಲ ಪಾಪ, "ನಮ್ ಸೊಸೆಗೆ ಎಲ್ಲಾ ಓದೋಕೆ ಬತ್ತದೆ" ಎಂದು ಊರಿಗೆಲ್ಲ ಸಾರಿದ್ದರು. ಆ "ಎಲ್ಲಾ" ಎಂಬುದರಲ್ಲಿ ತಮಿಳು ಸೇರಿರಲಿಲ್ಲ. ತಮಿಳು ಮಾತಾಡಲು ಆರು ತಿಂಗಳಲ್ಲಿ ಕಲಿತೆ, ಓದಲು ಕಲಿಯಲೇ ಇಲ್ಲ. ಕೇಳಿ ಕಲಿಯಬಹುದಿತ್ತು. ಆದರೆ ಓದಿದ ಸೊಸೆ ಓದಲು ಬರುವುದಿಲ್ಲ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು? ಬಸ್ಸನ್ನು ನಂಬರು ನೋಡಿ ಹತ್ತುತ್ತಿದ್ದೆ. ಯಾರಾದರೂ ತಮಿಳು ಕಾಗದ ಕೈಗೆ ಕೊಟ್ಟರೆ ಕನ್ನಡಕ ಮನೆಯಲ್ಲಿದೆ ಎನ್ನುತ್ತಿದ್ದೆ, ಕನ್ನಡಕವೇ ಇಲ್ಲದ ವಯಸ್ಸಿನಲ್ಲೂ. ಇಪ್ಪತ್ತು ವರ್ಷಕ್ಕೂ ಮೇಲೆ ಹೀಗೇ ತಳ್ಳಿದೆ. ನನ್ನ ಗಂಡನಿಗೂ ಗೊತ್ತಾಗಲಿಲ್ಲ, ಮಗಳಿಗೂ ಗೊತ್ತಾಗಲಿಲ್ಲ.

ಗುಂಡಿಮಗ್ಗ ನೋಡದವರಿಗೆ ಒಂದು ಮಾತು ಹೇಳಬೇಕು. ನೆಲದಲ್ಲಿ ಸೊಂಟದಷ್ಟು ಆಳದ ಗುಂಡಿ. ನೇಕಾರ ಅದರ ಅಂಚಿನಲ್ಲಿ ಕೂತು ಕಾಲನ್ನು ಕೆಳಗಿಳಿಬಿಟ್ಟು ಮೆಟ್ಟು ಎಂಬ ಕಾಲುಹಲಗೆ ತುಳಿಯುತ್ತಾನೆ. ನೇಯ್ದ ಸೀರೆ ಸುತ್ತಿಕೊಳ್ಳುವ ಮರದ ದಿಂಡು ಅವನ ಹೊಟ್ಟೆಗೆ ತಾಗಿಕೊಂಡೇ ಇರುತ್ತದೆ. ಲಾಳಿ ಎಳೆಯುವಾಗ, ಕಡಿದ ಎಳೆ ಕೂಡಿಸುವಾಗ ಅದರ ಮೇಲೆ ಬಗ್ಗುತ್ತಾನೆ. ದಿನಕ್ಕೆ ಎಂಟು ಹತ್ತು ಗಂಟೆ ಆ ಮರ ಹೊಟ್ಟೆಯನ್ನು ಒತ್ತುತ್ತಲೇ ಇರುತ್ತದೆ.

ಈ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮುಹೂರ್ತದ ತಿಂಗಳುಗಳಲ್ಲಿ ಸೀರೆಗೆ ಅವಸರ ಇರುತ್ತದೆ, ಆಗ ಮಗ್ಗದಲ್ಲಿ ಕೂತವನನ್ನು ಊಟಕ್ಕೆಂದು ಎಬ್ಬಿಸುವುದಿಲ್ಲ. ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ನನ್ನ ಕೈಗೆ ತಟ್ಟೆ ಕೊಟ್ಟು, ತಮಿಳರ ಹಾಗೆ ಕಣ್ಣು ಎಂದು ಮುದ್ದಿಗೆ ಕರೆದು ಹೇಳಿದ್ದರು, "ಮಗ್ಗದಲ್ಲಿ ಕೂತವನ್ನ ಎಬ್ಬಿಸ್ಬಾರ್ದು ಕಣ್ಣು. ಸಾಪಾಟು ಅವನಿರೋ ತಾವಿಗೆ ಹೋಗ್ಬೇಕು. ಅದೇ ಮರ್ಯಾದೆ." ಗುಂಡಿಯ ಅಂಚಿನಲ್ಲಿ ತಟ್ಟೆ ಇಟ್ಟು, ಅವರು ಉಂಡು, ಅಲ್ಲೇ ಕೈ ತೊಳೆಯಲು ಚೊಂಬಿನಲ್ಲಿ ನೀರು ಹಿಡಿದು, ಕೈ ಒರೆಸಿಕೊಳ್ಳಲು ಬಟ್ಟೆ ಕೊಡುವುದು. ಬಟ್ಟೆ ನನ್ನ ಕೈಗೆ ವಾಪಸು ಬರುವ ಮೊದಲೇ ಲಾಳಿ ಓಡುತ್ತಿತ್ತು. ಮುಹೂರ್ತದ ತಿಂಗಳು ಎಂದು ಶುರುವಾದದ್ದು ವರ್ಷವಿಡೀ ಆಯಿತು. ನನಗೆ ಅದರಲ್ಲಿ ಹೆಮ್ಮೆ. ನನ್ನ ಗಂಡ ಎದ್ದು ಬಂದು ಅನ್ನ ಕೇಳಿದ್ದಿಲ್ಲ ಎಂದು ತವರಿಗೆ ಹೋದಾಗ ಕೊಚ್ಚಿಕೊಳ್ಳುತ್ತಿದ್ದೆ.

ಅವರಿಗೆ ಎದೆಯುರಿ ಯಾವಾಗ ಶುರುವಾಯಿತೋ ನಿಜವಾಗಿ ನನಗೆ ಗೊತ್ತಿಲ್ಲ. ಗೊತ್ತಿರಬೇಕಿತ್ತು. ಉಂಡ ಸ್ವಲ್ಪ ಹೊತ್ತಿಗೆ ಲಾಳಿ ನಿಲ್ಲುವುದು, ಅಂಗೈಯಿಂದ ಎದೆಯ ನಡುವೆ ಉಜ್ಜಿಕೊಳ್ಳುವುದು, ಹುಳಿ ನೀರು ಬಾಯಿಗೆ ಬಂತು ಎಂದು ಉಗಿಯುವುದು, ಇವೆಲ್ಲ ನನ್ನ ಕಣ್ಣ ಮುಂದೆಯೇ ನಡೆಯುತ್ತಿತ್ತು. ಕೇಳಿದರೆ, "ನೆಂಜೆರಿಚ್ಚಲು ಅಮ್ಮಿಣಿ, ಬೇರೇನೂ ಇಲ್ಲೆ" ಎನ್ನುವರು. ಎದೆಯುರಿಗೆ ತಮಿಳಿನ ಹೆಸರು ಅದು, ಅಮ್ಮಿಣಿ ಎಂಬುದು ನನ್ನನ್ನು ಮುದ್ದಿಗೆ ಕರೆಯುವುದು. ಮೂಲೆಯಂಗಡಿಗೆ ಹೋಗಿ ಸೋಡಾ ಕುಡಿದು ಬರುವರು. ತೇಗು ಬಂದರೆ ಸಮಾಧಾನ. ಅರ್ಧ ಗಂಟೆಗೆ ಮತ್ತೆ ಅದೇ ಉರಿ.

ಆಮೇಲೆ ಊಟ ಕಡಿಮೆ ಮಾಡಿದರು. ಹುಣಸೆಹುಳಿಯ ಕುಳಂಬು ಮುಟ್ಟುತ್ತಿರಲಿಲ್ಲ, ಮೆಣಸಿನಕಾಯಿ ಆರಿಸಿ ತಟ್ಟೆಯ ಬದಿಗೆ ಸಾಲಾಗಿ ಇಡುವರು. ನನಗೆ ಮೈಯೆಲ್ಲ ಉರಿಯಿತು. ನನ್ನ ಕೈಯಡುಗೆಗೆ ಹೆಸರಿದೆ, ಬೀದಿಯಲ್ಲಿ ಯಾರ ಮನೆಯಲ್ಲಿ ವಿಶೇಷ ನಡೆದರೂ ಕುಳಂಬಿನ ಸೌಟು ನನ್ನ ಕೈಗೇ ಬರುತ್ತದೆ. "ಇಷ್ಟು ವರ್ಷ ಇಲ್ಲದ ಉರಿ ಈಗೆಲ್ಲಿಂದ ಬಂತು? ನಾನೇನು ಕೆಂಡ ಹಾಕಿ ಕುದಿಸಿದ್ದೀನಾ?" ಎಂದು ಕೇಳಿದೆ. ಅವರು ನಕ್ಕರು. ನಗಬಾರದಿತ್ತು. ಮಾರನೆಯ ದಿನ ಸಿಟ್ಟಿಗೆ ಒಂದು ಹಿಡಿ ಹೆಚ್ಚೇ ಖಾರ ಹಾಕಿ ಬಡಿಸಿದೆ, ತಿನ್ನಲಿ ನೋಡೋಣ ಎಂದು. ಅವರು ಪೂರ್ತಿ ತಿಂದರು. ಆವತ್ತು ಸಂಜೆಯವರೆಗೆ ಮಗ್ಗದ ಸದ್ದು ನಾಲ್ಕು ಸಲ ನಿಂತಿತು. ನಾನು ಎಣಿಸಿದ್ದೆ, ಆದರೂ ಹೋಗಿ ಕೇಳಲಿಲ್ಲ.

ಕೊನೆಗೆ ಪೊಳ್ಳಾಚಿಯ ಒಬ್ಬ ಡಾಕ್ಟರ ಹತ್ತಿರ ಹೋದೆವು. ವಯಸ್ಸಾದವರು, ಸಮಾಧಾನದ ಮನುಷ್ಯ. ಹೊಟ್ಟೆಯಲ್ಲಿ ಅನ್ನ ಕರಗಿಸುವ ಹುಳಿ ಇರುತ್ತದೆ, ಅದು ಮೇಲೆ ಬಾರದಂತೆ ಹೊಟ್ಟೆಯ ಬಾಯಲ್ಲಿ ಒಂದು ಬಾಗಿಲಿನಂಥದ್ದು ಇರುತ್ತದೆ, ಅದು ಸಡಿಲವಾಗಿದೆ ಎಂದು ತಮಿಳಿನಲ್ಲಿ ವಿವರಿಸಿದರು. ಅನ್ನ ಇಳಿಯುವುದು ಕಷ್ಟವಾಗುತ್ತದೆಯೇ, ತೂಕ ಇಳಿದಿದೆಯೇ, ಮಲ ಕಪ್ಪಗೆ ಹೋಗುತ್ತದೆಯೇ ಎಂದೆಲ್ಲ ಕೇಳಿದರು. ಅಂಥದ್ದೇನೂ ಇರಲಿಲ್ಲ. ಹಾಗಾದರೆ ಹೆದರಬೇಕಿಲ್ಲ, ಎರಡು ತಿಂಗಳು ಮಾತ್ರೆ ತಗೊಳ್ಳಿ, ಹೇಗೆ ತಗೊಳ್ಳಬೇಕೆಂದು ಅಂಗಡಿಯಲ್ಲಿ ಬರೆದುಕೊಡುತ್ತಾರೆ ಎಂದರು.

ಮೆಡಿಕಲ್ ಅಂಗಡಿಗೆ ನಾನೊಬ್ಬಳೇ ಹೋದೆ. ಅವರು ಬಸ್ಸಿನಲ್ಲಿ ಸೀಟು ಹಿಡಿಯಲು ಮುಂದೆ ಹೋಗಿದ್ದರು. ಅಂಗಡಿಯಲ್ಲಿ ಜನವೋ ಜನ. ಕೌಂಟರಿನವನು ಮಾತ್ರೆಯನ್ನು ಕಾಗದದ ಕವರಿಗೆ ಹಾಕಿ, ಮೇಲೆ 1-0-1 ಎಂದು ಬರೆದು, ಅದರ ಕೆಳಗೆ ತಮಿಳಿನಲ್ಲಿ ಏನೋ ಗೀಚಿದ. ಕೊಡುವಾಗ ನನ್ನ ಸೀರೆ, ಚೀಲ, ಮುಖ ಎಲ್ಲ ನೋಡಿ, "ಪಡಿಕ್ಕ ತೆರಿಯುಮಾಮ್ಮಾ?" ಎಂದ. ಓದಲು ಬರುತ್ತದೆಯೇ ಎಂದು. ಬರುವುದಿಲ್ಲ ಎಂದಿದ್ದರೆ ಬಾಯಲ್ಲಿ ಹೇಳುತ್ತಿದ್ದ, ಅದಕ್ಕೇ ಕೇಳಿದ್ದು. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನನ್ನ ಹಿಂದೆ ಆರು ಜನ ನಿಂತಿದ್ದರು. "ತೆರಿಯುಂ" ಎಂದು ಕವರು ಕಿತ್ತುಕೊಂಡ ಹಾಗೆ ತೆಗೆದುಕೊಂಡು ಬಂದೆ.

ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಅಂಕಿ ನೋಡಿದರೆ ತಿಳಿಯುತ್ತದೆ. ಉಳಿದದ್ದನ್ನು ನಾನೇ ತುಂಬಿಕೊಂಡೆ. ನಮ್ಮಮ್ಮ ಹೇಳಿಕೊಟ್ಟಿದ್ದು ಒಂದೇ, ಬರಿಹೊಟ್ಟೆಗೆ ಮಾತ್ರೆ ಬಿದ್ದರೆ ಕರುಳು ಸುಡುತ್ತದೆ, ಅನ್ನ ಬಿದ್ದ ಮೇಲೆಯೇ ಮಾತ್ರೆ. ಅದೂ ಹೊಟ್ಟೆಯುರಿಗೆ ಕೊಟ್ಟ ಮಾತ್ರೆ, ಖಾಲಿ ಹೊಟ್ಟೆಗೆ ಕೊಡುವುದುಂಟೇ? ಹೀಗಾಗಿ ಬೆಳಿಗ್ಗೆ ಗುಂಡಿಯ ಅಂಚಿನಲ್ಲಿ ಇಡ್ಲಿಯ ತಟ್ಟೆ, ತಿಂದಾದ ಮೇಲೆ ಗಟ್ಟಿ ಕಾಫಿ, ಕಾಫಿಯಾದ ಮೇಲೆ ನನ್ನ ಅಂಗೈಯಿಂದ ಮಾತ್ರೆ. ಅವರು ಕೇಳದೆ ನುಂಗಿ ಮತ್ತೆ ದಿಂಡಿನ ಮೇಲೆ ಬಗ್ಗುವರು. ಕವರು ಅಡುಗೆಮನೆಯ ಡಬ್ಬಿಯಲ್ಲಿ ಇರುತ್ತಿತ್ತು. ಅದರ ಮೇಲೆ ಏನಿದೆ ಎಂದು ಅವರು ನೋಡಿದ್ದೇ ಇಲ್ಲ. ಓದಿದ ಹೆಂಡತಿ ಇರುವಾಗ ಅವರು ಯಾಕೆ ನೋಡಬೇಕು?

ಎರಡು ತಿಂಗಳಾದರೂ ಉರಿ ಹೆಚ್ಚು ಕಡಿಮೆ ಹಾಗೇ ಇತ್ತು. ಮಲಗಿದರೆ ಹುಳಿ ಗಂಟಲಿಗೆ ಬರುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಧ್ವನಿ ಬೆಳಿಗ್ಗೆ ಬೆಳಿಗ್ಗೆ ಒಡೆದಂತಿರುತ್ತಿತ್ತು. ಪೀಳಮೇಡಿನ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವ ನಮ್ಮ ಮಗಳು ಹೆದರಿ, ರಜೆ ಹಾಕಿ, ಅಲ್ಲಿನ ದೊಡ್ಡ ಆಸ್ಪತ್ರೆಗೆ ನಮ್ಮನ್ನು ಕರೆದುಕೊಂಡು ಹೋದಳು.

ಅಲ್ಲಿಯ ಡಾಕ್ಟರು ಒಬ್ಬ ಹೆಂಗಸು, ಮಾತು ಚುರುಕು. ನನ್ನ ಗಂಡನನ್ನು ತೂಕ, ರಕ್ತದೊತ್ತಡ ನೋಡಲು ನರ್ಸು ಆಚೆ ಕರೆದುಕೊಂಡು ಹೋಗಿದ್ದಳು. ಕೋಣೆಯಲ್ಲಿ ನಾನು, ಮಗಳು ಇಬ್ಬರೇ. ಡಾಕ್ಟರು ಖಾಲಿ ಮಾತ್ರೆಪಟ್ಟಿ ತಿರುಗಿಸಿ ನೋಡಿ ನನ್ನನ್ನು ಕೇಳಿದರು, "ಇದನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ, ಖಾಲಿ ಹೊಟ್ಟೆಗೆ ತಾನೇ ಕೊಡುತ್ತಿದ್ದದ್ದು? ಉಂಡ ಮೇಲೆ ಕೊಟ್ಟರೆ ಇದು ಸರಿಯಾಗಿ ಕೆಲಸ ಮಾಡುವುದಿಲ್ಲ."

ನನಗೆ ಅಲ್ಲೇ ಎಲ್ಲ ತಿಳಿಯಿತು. ಅಂಗಡಿಯವನು ಏನು ಗೀಚಿದ್ದ ಎಂಬುದು, ಎರಡು ತಿಂಗಳು ನಾನು ಏನು ಮಾಡಿದೆ ಎಂಬುದು. ಪಕ್ಕದಲ್ಲಿ ಮಗಳು ನನ್ನ ಮುಖ ನೋಡುತ್ತಿದ್ದಳು. ಅವಳು ಚಿಕ್ಕವಳಿದ್ದಾಗ ತಮಿಳು ಪಾಠ ಹೇಳಿಕೊಡು ಎಂದರೆ ನೀನೇ ಓದಿದರೆ ತಲೆಗೆ ಹತ್ತುತ್ತದೆ ಎಂದು ಗದರಿಸಿ ಕಳಿಸಿದವಳು ನಾನು.

"ಹೌದು, ಅರ್ಧ ಗಂಟೆ ಮುಂಚೆ," ಎಂದೆ.

ಡಾಕ್ಟರ ಮಾತನ್ನೇ ಅವರಿಗೆ ತಿರುಗಿಸಿ ಕೊಟ್ಟೆ. ಅವರು ತಲೆಯಾಡಿಸಿ ಬರೆದುಕೊಂಡರು. ಮಾತ್ರೆ ಸರಿಯಾಗಿ ತೆಗೆದುಕೊಂಡೂ ಕಡಿಮೆಯಾಗಿಲ್ಲ ಎಂದ ಮೇಲೆ ಬಾಯಿಯಿಂದ ಕೊಳವೆ ಇಳಿಸಿ ಒಳಗೆ ನೋಡಿಬಿಡೋಣ ಎಂದರು. ಮಾರನೆಯ ಬೆಳಿಗ್ಗೆ ನೋಡಿದರು. ಗಾಜಿನ ಬಾಗಿಲಿನ ಆಚೆ ನನ್ನ ಗಂಡ ಓಕರಿಸುವ ಸದ್ದು ನನಗೆ ಕೇಳಿಸುತ್ತಿತ್ತು. ಮಗಳು ನನ್ನ ಕೈ ಹಿಡಿದುಕೊಂಡು, "ಅಳಬೇಡಮ್ಮಾ, ಒಂದು ನಿಮಿಷ ಅಷ್ಟೆ" ಎನ್ನುತ್ತಿದ್ದಳು. ನಾನು ಯಾಕೆ ಅಳುತ್ತಿದ್ದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು.

ಕೆಟ್ಟದ್ದೇನೂ ಇರಲಿಲ್ಲ. ಅನ್ನನಾಳದ ಕೆಳಗಡೆ ಹುಳಿ ತಾಗಿ ತಾಗಿ ಹುಣ್ಣಾಗಿತ್ತು. ಮತ್ತೆ ಮಾತ್ರೆ ಬರೆದರು. ರಾತ್ರಿ ಬೇಗ ಉಣ್ಣಬೇಕು, ಉಂಡು ಎರಡು ಮೂರು ಗಂಟೆ ಬಗ್ಗಬಾರದು, ಮಲಗಬಾರದು, ಮಂಚದ ತಲೆಯ ಕಡೆ ಎತ್ತರ ಮಾಡಿಕೊಳ್ಳಬೇಕು ಎಂದರು. ಕೆಲಸ ಏನು ಎಂದು ಕೇಳಿ, ಮಗ್ಗದ ವಿಷಯವೆಲ್ಲ ಕೇಳಿಸಿಕೊಂಡು, ಕೊನೆಗೆ ನನ್ನ ಗಂಡನಿಗೇ ಹೇಳಿದರು, "ಮಾತ್ರೆಗೂ ಬಗ್ಗಲಿಲ್ಲ ಅಂದರೆ, ಹೊಟ್ಟೆ ಒತ್ತುವ ಆ ಕೆಲಸ ಬಿಡುವುದೇ ಒಳ್ಳೆಯದು. ಬೇರೆ ಏನಾದರೂ ನೋಡಿಕೊಳ್ಳಿ."

ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಕೂತಿದ್ದರು. ಇಳಿಯುವಾಗ, "ಅಪ್ಪನ ಮಗ್ಗ ಅಮ್ಮಿಣಿ" ಎಂದರು, ಅಷ್ಟೇ.

ಮನೆಗೆ ಬಂದು ನಾನು ಮೊದಲು ಮಾಡಿದ್ದು ಹಳೆಯ ಪಟ್ಟಿಯನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದು. ಇಂಗ್ಲಿಷ್ ಅಕ್ಷರ ನನಗೆ ಬರುತ್ತದೆ. ಕಂಪನಿ ಬೇರೆ, ಮೇಲಿನ ಬಣ್ಣ ಬೇರೆ, ಒಳಗಿನ ಔಷಧಿಯ ಹೆಸರು ಒಂದೇ, ಪ್ರಮಾಣವೂ ಒಂದೇ. ಹಾಗಾದರೆ ಮಾತ್ರೆಗೆ ಬಗ್ಗದ ಕಾಯಿಲೆ ಎಂಬುದು ನಾನು ಹುಟ್ಟಿಸಿದ್ದು. ಮಾರನೆಯ ದಿನದಿಂದ ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಮಾತ್ರೆ ಕೊಟ್ಟು, ಗಡಿಯಾರ ನೋಡಿ ಅರ್ಧ ಗಂಟೆಯ ಮೇಲೆ ತಿಂಡಿ ಕೊಟ್ಟೆ, ರಾತ್ರಿಯದನ್ನೂ ಊಟಕ್ಕೆ ಅರ್ಧ ಗಂಟೆ ಮುಂಚೆಯೇ. ಕಾಫಿ ನೀರಾಗಿಸಿದೆ, ಹುಣಸೆಯನ್ನು ಮೇಲಿನ ಅಟ್ಟಕ್ಕೆ ಹಾಕಿದೆ. ಈ ಡಾಕ್ಟರು ಹೊಸ ರೀತಿ ಹೇಳಿದ್ದಾರೆ ಎಂದೆ. ಅವರು ನಂಬಿದರು.

ಇಲ್ಲಿಯವರೆಗಿನದನ್ನು ತಪ್ಪು ಎನ್ನಬಹುದಿತ್ತು. ಅರಿಯದೆ ಆದದ್ದು, ಆಸ್ಪತ್ರೆಯಲ್ಲಿ ಹೆದರಿ ಬಾಯಿ ತಪ್ಪಿದ್ದು. ಇದರ ಮುಂದಿನದಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ. ಬಂದ ನಾಲ್ಕನೆಯ ದಿನ ಅವರು ಮೇಸ್ತ್ರಿಯನ್ನು ಕರೆಸಿ ಗುಂಡಿ ಮುಚ್ಚಲು ಅಳತೆ ಕೊಟ್ಟರು. ಹಾಗೇ ಬಿಟ್ಟರೆ ಮತ್ತೆ ಕೂರಬೇಕೆನ್ನಿಸುತ್ತದೆ, ಅದಕ್ಕೆ ಮುಚ್ಚುವುದೇ ಸರಿ ಎಂದರು. "ಇನ್ನೊಂದು ತಿಂಗಳು ನೋಡಿ, ಮಾತ್ರೆ ಈಗ ಹಿಡಿಯುತ್ತೆ" ಎಂದು ನಾನು ಹೇಳಬಹುದಿತ್ತು. ಯಾಕೆ ಹಿಡಿಯುತ್ತೆ ಎಂದು ಕೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. ಎರಡು ದಿನ ಕೆಲಸ ನಡೆಯಿತು. ದಿಂಡು, ಮೆಟ್ಟು, ಹಲಗೆ ಬಿಚ್ಚಿ ಹಿತ್ತಿಲ ಸೂರಿನ ಕೆಳಗೆ ಜೋಡಿಸಿದರು. ಮೊದಲು ಮಣ್ಣು, ಮೇಲೆ ಜಲ್ಲಿ, ಅದರ ಮೇಲೆ ಸಿಮೆಂಟು. ಮೇಸ್ತ್ರಿಗೆ ನಾನೇ ಟೀ ಮಾಡಿ ಕೊಟ್ಟೆ. ಸಿಮೆಂಟು ಒದ್ದೆಯಿರುವಾಗ ಅದರ ಮೇಲೆ ನೀರು ಚಿಮುಕಿಸಿದ್ದೂ ನಾನೇ.

ಮೂರನೆಯ ವಾರಕ್ಕೆ ಅವರು ಮಲಗಿ ನಿದ್ದೆ ಮಾಡಿದರು. ಸೋಡಾ ನಿಂತಿತು, ಎದೆ ಉಜ್ಜಿಕೊಳ್ಳುವುದು ನಿಂತಿತು, ಧ್ವನಿ ತೆರೆಯಿತು. ಅಷ್ಟರಲ್ಲಿ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸಕ್ಕೆ ಸೇರಿದ್ದರು. ಬೆಳಿಗ್ಗೆ ಕಂಪನಿಯ ವ್ಯಾನು ಬೀದಿಯ ತುದಿಗೆ ಬರುತ್ತದೆ. ದಿನವಿಡೀ ನಿಂತುಕೊಂಡು ಟೀಶರ್ಟಿನಲ್ಲಿ ಕಲೆ ಇದೆಯೇ, ಹೊಲಿಗೆ ಬಿಟ್ಟಿದೆಯೇ ಎಂದು ನೋಡುವುದು. ಒಂದೊಂದು ಎಳೆಯನ್ನೂ ಕೈಯಾರೆ ಕೂಡಿಸಿ ಸೀರೆ ನೇಯ್ದವರು, ಯಾರೋ ಹೊಲಿದದ್ದನ್ನು ತಿರುಗಿಸಿ ನೋಡಿ ಪಕ್ಕಕ್ಕೆ ಇಡುತ್ತಿದ್ದರು. ಬೇಸರ ಎಂದು ಒಂದು ದಿನವೂ ಹೇಳಲಿಲ್ಲ. "ಆ ಕೊಳಾಯಿ ಬಿಟ್ಟು ನೋಡಿದ್ಮೇಲೇ ಸರಿಯಾಯ್ತು" ಎಂದು ಬೀದಿಯಲ್ಲಿ ಎಲ್ಲರ ಹತ್ತಿರ ಆ ಡಾಕ್ಟರನ್ನು ಹೊಗಳುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಹೂಂಗುಟ್ಟುತ್ತಿದ್ದೆ.

ಹೀಗೆ ಎಂಟು ತಿಂಗಳು ಕಳೆಯಿತು. ಒಂದು ಭಾನುವಾರ ಮಧ್ಯಾಹ್ನ ಎದುರು ಮನೆಯವನು ಬಂದ. ನಮ್ಮ ಬೀದಿಯಲ್ಲಿ ಉಳಿದಿರುವ ಕೆಲವೇ ಗುಂಡಿಮಗ್ಗಗಳಲ್ಲಿ ಅವನದೊಂದು. ನಲವತ್ತು ದಾಟಿದವನು, ನನ್ನ ಗಂಡನನ್ನು ಅಣ್ಣ ಎನ್ನುತ್ತಾನೆ. ಜಗುಲಿಯಲ್ಲಿ ಕೂತು ಎದೆ ಮುಟ್ಟಿ ತೋರಿಸಿದ.

"ನಂಗೂ ನಿಮ್ ತರಾನೇ ಎರೀತದೆ ಅಣ್ಣ. ಪೊಳ್ಳಾಚೀಲಿ ಮಾತ್ರೆ ಕೊಟ್ಟವ್ರೆ, ವಾರ ಆಯ್ತು. ಏನ್ ಮಾಡ್ಲಿ?"

"ಮಾತ್ರೇಲಿ ಏನೂ ಆಗಲ್ಲಪ್ಪ," ಎಂದರು ಇವರು. "ನಾನು ಎರಡ್ ತಿಂಗ್ಳು ನುಂಗಿ ನೋಡ್ದೆ. ಕಡೇಲಿ ಗುಂಡಿ ಮುಚ್ಚಿದ್ಮೇಲೇ ಹೋಯ್ತು. ನೀನೂ ಅದನ್ನೇ ಮಾಡು. ತಿರುಪ್ಪೂರಲ್ಲಿ ನಮ್ ಕಂಪನೀಲಿ ಆಳು ಬೇಕು ಅಂತವ್ರೆ, ನಾ ಹೇಳ್ತೀನಿ."

ಅವನು ತಲೆ ತಗ್ಗಿಸಿ, "ಹಂಗಾದ್ರೆ ಮೇಸ್ತ್ರೀನ ಕೇಳ್ತೀನಿ" ಎಂದ.

ನಾನು ಬಾಗಿಲಲ್ಲಿ ಮಜ್ಜಿಗೆಯ ಲೋಟ ಹಿಡಿದು ನಿಂತಿದ್ದೆ. ಅದನ್ನು ನೆಲಕ್ಕೆ ಇಟ್ಟೆ. "ಮುಚ್ಚಬೇಡಪ್ಪ" ಎಂದೆ. ಇಬ್ಬರೂ ನೋಡಿದರು. "ಮಾತ್ರೆ ಯಾವಾಗ ತಗೋತಾ ಇದ್ದೀಯ?" ಉಂಡ ಮೇಲೆ ಎಂದ ಅವನು, ನಾನು ಎಣಿಸಿದ ಹಾಗೇ. "ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ ತಗೋ. ಅರ್ಧ ಗಂಟೆ ಬಿಟ್ಟು ತಿನ್ನು. ತಿಂದ ಕೂಡಲೇ ಮಗ್ಗದಲ್ಲಿ ಕೂರಬೇಡ, ಎರಡು ಗಂಟೆ ಬಿಟ್ಟು ಕೂರು. ಊಟ ಗುಂಡಿಗೆ ತರಬೇಡ ಅಂತ ನಿನ್ನ ಹೆಂಡ್ತಿಗೆ ನಾನು ಹೇಳ್ತೀನಿ. ಒಂದು ತಿಂಗಳು ನೋಡು, ಆಗದಿದ್ರೆ ಡಾಕ್ಟರ ಹತ್ರ ಹೋಗಿ ನಿಜ ನಿಜ ಹೇಳು. ಇವರಿಗೆ ಕಡಿಮೆಯಾಗಿದ್ದು ಗುಂಡಿ ಮುಚ್ಚಿದ್ದಕ್ಕಲ್ಲ. ಮೊದಲ ಎರಡು ತಿಂಗಳು ನಾನು ಮಾತ್ರೆ ತಪ್ಪಾಗಿ ಕೊಟ್ಟಿದ್ದೆ. ಕವರಿನ ಮೇಲೆ ಬರೆದಿದ್ದರು. ನನಗೆ ತಮಿಳು ಓದಕ್ಕೆ ಬರಲ್ಲ."

ಎದುರು ಮನೆಯವನು ಎಲ್ಲಿ ನೋಡಬೇಕೆಂದು ತಿಳಿಯದೆ ಚಪ್ಪಲಿ ನೋಡಿದ.

"ಆಗ ಕೊಟ್ಟಿದ್ದೂ ಆಮೇಲೆ ಕೊಟ್ಟಿದ್ದೂ ಒಂದೇ ಮಾತ್ರೇನಾ?" ಎಂದು ನನ್ನ ಗಂಡ ಕೇಳಿದರು.

"ಒಂದೇ."

"ಆಸ್ಪತ್ರೇಲಿ ಕೇಳಿಲ್ವಾ ಅವ್ರು?"

"ಕೇಳಿದ್ರು. ಸರಿಯಾಗೇ ಕೊಟ್ಟೆ ಅಂದೆ."

"ಗುಂಡಿ ಮುಚ್ಚೋವಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಒಳಗಿನ ಸಿಮೆಂಟಿನ ಚೌಕದ ಕಡೆ ಒಂದು ಸಲ ನೋಡಿದರು. ಉಳಿದ ನೆಲಕ್ಕಿಂತ ಅದು ಇನ್ನೂ ಬೆಳ್ಳಗಿದೆ. ಆಮೇಲೆ ಅವನ ಕಡೆ ತಿರುಗಿ, "ನೀ ಮುಚ್ಬೇಡ" ಎಂದರು. ನಾನು ನೆಲಕ್ಕಿಟ್ಟ ಮಜ್ಜಿಗೆಯನ್ನು ಅವರೇ ಎತ್ತಿ ಅವನಿಗೆ ಕೊಟ್ಟರು.

ಮತ್ತೆ ಗುಂಡಿ ತೋಡಿಸೋಣ ಎಂದು ನಾನು ಎರಡು ಸಲ ಹೇಳಿದೆ. ಹಿತ್ತಿಲಲ್ಲಿ ಇಟ್ಟ ದಿಂಡಿಗೆ ಗೆದ್ದಲು ಹಿಡಿದಿದೆ, ಸೀರೆ ನೇಯಿಸುತ್ತಿದ್ದ ಸಾಹುಕಾರರು ಬೇರೆಯವರಿಗೆ ನೂಲು ಕೊಟ್ಟಾಯಿತು ಎಂದು ನನ್ನ ಗಂಡ ಹೇಳಿದರು. ಮಾತು ನಿಲ್ಲಿಸಿಲ್ಲ, ಅಮ್ಮಿಣಿ ಎಂದೇ ಕರೆಯುತ್ತಾರೆ. ಆದರೆ ಯಾವ ಔಷಧಿ ತಂದರೂ, ನೆಗಡಿಯ ಮಾತ್ರೆಯಾದರೂ, ಈಗ ಕವರನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಓದುತ್ತಾರೆ. ಅದು ಸರಿಯೇ. ಮಗಳು ಬಂದಾಗಲೆಲ್ಲ ನಾನು ಅವಳ ಹತ್ತಿರ ತಮಿಳು ಅಕ್ಷರ ತಿದ್ದುತ್ತೇನೆ.

ಎದುರು ಮನೆಯವನಿಗೆ ಉರಿ ಕಡಿಮೆಯಾಗಿದೆ. ಭಾನುವಾರ ಮಧ್ಯಾಹ್ನ ಅವನು ಉಂಡು ಜಗುಲಿಯಲ್ಲಿ ನೆಟ್ಟಗೆ ಕೂತಿರುತ್ತಾನೆ. ನನ್ನ ಗಂಡ ಉಂಡು ನಮ್ಮ ಮನೆಯ ಆ ಬಿಳಿ ಸಿಮೆಂಟಿನ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಡುನಡುವೆ ಗಡಿಯಾರ ನೋಡುತ್ತಾರೆ. "ಎರಡು ಗಂಟೆ ಆಯ್ತು, ಈಗ ಕೂರ್ತಾನೆ ನೋಡು" ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಎದುರು ಮನೆಯಿಂದ ಲಾಳಿಯ ಸದ್ದು ಬರುತ್ತದೆ. ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ. ಆ ಸದ್ದಿಗೆ ಸರಿಯಾಗಿ ಅವರ ಬಲಗಾಲು ಸಿಮೆಂಟನ್ನು ಮೆಟ್ಟಲು ಶುರು ಮಾಡುತ್ತದೆ, ಅದನ್ನು ನೋಡುತ್ತಾ ಅಲ್ಲಿ ನಿಲ್ಲಲು ನನ್ನಿಂದ ಆಗುವುದಿಲ್ಲ.